ಕರಡಿಯ ಹೆಬ್ಬೆಟ್ಟಿನ ಯಂತ್ರ

ಮಕ್ಕಳೇ, ಕಾಡಿನ ನಡುವೆ ಒಂದು ದೊಡ್ಡ ಕೆರೆ ಇತ್ತು. ಅದರ ಏರಿಯ ಉಸ್ತುವಾರಿ ಜಡೆಯಪ್ಪ ಅನ್ನುವ ಕರಡಿಯದು. ಉಸ್ತುವಾರಿ ಅಂದರೆ ಇನ್ನೇನು, ಉಗ್ರಾಣದ ನೆರಳಲ್ಲಿ ಕೂತು ಹಾಜರಿ ಪುಸ್ತಕ ತಿರುವಿಹಾಕುವುದು, ಅಷ್ಟೇ!

ಏರಿಯಲ್ಲಿ ಏಡಿಗಳು ಕೊರೆದ ತೂತು ಮುಚ್ಚುವುದಕ್ಕೆ ಕೆಂಚಕ್ಕ ಅನ್ನುವ ಮುಂಗುಸಿಯೂ ನಲವತ್ತು ಕೋತಿಗಳೂ ಇದ್ದರು. ಬಂದವರು ಪುಸ್ತಕದಲ್ಲಿ ರುಜು ಹಾಕಬೇಕು. ರುಜು ಇದ್ದವರಿಗೆ ಸಂಜೆ ಬುತ್ತಿ. ಕೋತಿಗಳ ಯಜಮಾನ ತಿಪ್ಪ ಒಬ್ಬನೇ ಬಂದು ನಲವತ್ತು ರುಜು ಗೀಚಿ, ನಲವತ್ತು ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದ.

ಇದು ಗೊತ್ತಾದಾಗ ಜಡೆಯಪ್ಪನಿಗೆ ಮೈಯೆಲ್ಲ ಉರಿಯಿತು. ಏರಿಯವರೆಗೆ ನಡೆದು ನೋಡಿಬರಬಹುದಿತ್ತು. ಅಯ್ಯೋ, ಬಿಸಿಲು! ಅದರ ಬದಲು ಪಟ್ಟಣದ ಕಾಗೆಯಿಂದ ಒಂದು ಯಂತ್ರ ತರಿಸಿ ಉಗ್ರಾಣದ ಬಾಗಿಲಿಗೆ ಹಾಕಿಸಿದ. ಹೆಬ್ಬೆಟ್ಟು ಒತ್ತಿದರೆ ಹಸಿರು ದೀಪ ಹತ್ತಿ, ಅದು "ಧನ್ಯವಾದ" ಅನ್ನುತ್ತಿತ್ತು. ಪುಸ್ತಕ ಗೆದ್ದಲಿನ ಪಾಲಾಯಿತು.

"ಇನ್ನು ಯಾರ ಕಳ್ಳಾಟವೂ ನಡೆಯೋಲ್ಲ!" ಎಂದು ಜಡೆಯಪ್ಪ ಬೀಗಿದ. ತನ್ನ ಬೆಣ್ಣೆಯಂಥ ಹೆಬ್ಬೆಟ್ಟನ್ನು ದಿನಕ್ಕೆ ಹತ್ತು ಸಲ ಒತ್ತಿ, ಹತ್ತು ಸಲ ಧನ್ಯವಾದ ಕೇಳಿ ಹಿಗ್ಗಿದ.

ಮರುದಿನ ಬೆಳಗ್ಗೆ ನಲವತ್ತು ಕೋತಿಗಳೂ ಸಾಲಾಗಿ ಬಂದು ಒತ್ತಿದವು. ನಲವತ್ತು ಧನ್ಯವಾದ. ಅಲ್ಲಿಂದ ನೆಟ್ಟಗೆ ಅತ್ತಿಮರಕ್ಕೆ ಹೋಗಿ ಮಲಗಿದವು. ಸಂಜೆ ಬುತ್ತಿಗೆ ಮಾತ್ರ ಇಳಿದು ಬಂದು ಮತ್ತೆ ಒತ್ತಿದವು.

ಏರಿಯ ಕೆಲಸ ಮುಗಿಸಿ ಬಂದ ಕೆಂಚಕ್ಕನೂ ಒತ್ತಿದಳು. ಕೆಂಪು ದೀಪ. "ಗುರುತು ಸಿಗಲಿಲ್ಲ."

ಕೈ ಒರೆಸಿಕೊಂಡು ಮತ್ತೆ ಒತ್ತಿದಳು. "ಗುರುತು ಸಿಗಲಿಲ್ಲ." ಪಾಪ, ಕಲ್ಲುಮಣ್ಣು ಬಗೆದು ಬಗೆದು ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿದ್ದವು.

"ಧಣಿ, ನಿಮ್ಮ ಮುಂದೇನೇ ನಿಂತಿದ್ದೀನಲ್ಲ!"

"ಕಣ್ಣಿಗೆ ಮೋಸ ಆಗಬಹುದು ಕೆಂಚಕ್ಕ, ಯಂತ್ರಕ್ಕೆ ಆಗೋಲ್ಲ. ನೀನು ಬಂದಿಲ್ಲ."

"ಮನೇಲಿ ಮರಿಗಳು ಹಸಿದಿವೆ. ಬೆಳಗ್ಗಿನಿಂದ ಹನ್ನೊಂದು ತೂತು ಮುಚ್ಚಿದ್ದೀನಿ. ಒಂದು ಸಲ ಬಂದು ನೋಡಿ."

"ಬಂದೇ ಇಲ್ಲದವಳು ತೂತು ಮುಚ್ಚೋದು ಹೇಗೆ?" ಎಂದ ಜಡೆಯಪ್ಪ. ಬಾಗಿಲು ಕಾಯುವ ಕೊಕ್ಕರೆ ಅವಳನ್ನು ಹೊರಗೆ ಕಳಿಸಿತು.

ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಕೆಂಚಕ್ಕ ಮರಿಗಳನ್ನು ಕಚ್ಚಿಕೊಂಡು ಗುಡ್ಡ ಹತ್ತಿದಳು.

ವಾರದೊಳಗೆ ಜಡಿಮಳೆ ಹಿಡಿಯಿತು. ಏಡಿಯ ತೂತುಗಳಲ್ಲಿ ನೀರು ಬುಗ್ಗೆಯೆದ್ದಿತು. ಜಡೆಯಪ್ಪನ ಗವಿ ಇದ್ದದ್ದು ಏರಿಯ ಕೆಳಗೇ!

"ತಿಪ್ಪಾ! ನಲವತ್ತು ಜನರ ಹಾಜರಿ ಇದೆ, ಎಲ್ಲಿ ಸತ್ತಿರೋ?" ಎಂದು ಕೂಗಿದ.

"ಹಾಜರಿ ಹಾಕಿದ್ದೀವಲ್ಲ ಧಣಿ!" ಅತ್ತಿಮರದಿಂದ ತಿಪ್ಪ ಆಕಳಿಸಿದ. "ಕೆಲಸ ಮಾಡಿ ಅಂತ ಯಂತ್ರ ಹೇಳಲೇ ಇಲ್ಲ."

ಬೇರೆ ದಾರಿ ಇರಲಿಲ್ಲ. ಜಡೆಯಪ್ಪ ತಾನೇ ಇಳಿದು ಮಣ್ಣು ಬಗೆದ, ಕಲ್ಲು ತುರುಕಿದ. ಒಂದು ಮುಚ್ಚಿದರೆ ಎರಡು ಬಾಯಿಬಿಟ್ಟವು. ಅಂಗೈ, ಹೆಬ್ಬೆಟ್ಟು ಎಲ್ಲ ಕಿತ್ತುಹೋದವು. ಹೊತ್ತು ಇಳಿಯುವಷ್ಟರಲ್ಲಿ ಏರಿ ಒಡೆದು ಗವಿ ಕೊಚ್ಚಿಹೋಯಿತು.

ಹಸಿದು ಕಂಗಾಲಾಗಿ ಉಗ್ರಾಣಕ್ಕೆ ಬಂದ. ಕೋತಿಗಳು ಒಂದೊಂದಾಗಿ ಒತ್ತಿ, ಧನ್ಯವಾದ ಹೇಳಿಸಿಕೊಂಡು ಬುತ್ತಿ ಒಯ್ಯುತ್ತಿದ್ದವು. ಜಡೆಯಪ್ಪನೂ ಒತ್ತಿದ.

"ಗುರುತು ಸಿಗಲಿಲ್ಲ."

"ಲೋ ಕೊಕ್ಕರೆ, ನಾನು ಕಣೋ! ನಿನ್ನ ಧಣಿ!"

ಕೊಕ್ಕರೆ ಒಂಟಿಕಾಲಲ್ಲಿ ನಿಂತೇ ಹೇಳಿತು, "ಕಣ್ಣಿಗೆ ಮೋಸ ಆಗಬಹುದು ಧಣಿ, ಯಂತ್ರಕ್ಕೆ ಆಗೋಲ್ಲ. ನೀವು ಬಂದಿಲ್ಲ."

ಕೆರೆ ಒಡೆದ ಸದ್ದಿಗೆ ಗುಡ್ಡ ಇಳಿದು ಬಂದಿದ್ದ ಕೆಂಚಕ್ಕ ಇದನ್ನೆಲ್ಲ ನೋಡಿದಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೂ ಅನ್ನಿಸಲಿಲ್ಲ.

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಹಿರಿಯರು," ಎಂದಳು ಅವಳು. "ನಿಮ್ಮ ಬಾಗಿಲಲ್ಲಿ ಕೈ ಸವೆದವರ ಬಾಯಿಗೆ ಮಣ್ಣು. ಇವತ್ತು ನಿಮ್ಮ ಕೈಯೂ ಸವೆಯಿತಲ್ಲ ಧಣಿ, ಹೊರಗೆ ನಡೀರಿ."

ನೀತಿ: ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಕಣ್ಣೆದುರಿನ ದುಡಿಮೆಗೆ ಯಂತ್ರದ ಸಾಕ್ಷಿಯೂ ಬೇಡ.