ಆಮೆ ಕೇಳಿದ ಹೊಸ ಬಾವಿ

ದೇವರು ತನ್ನ ದಯೆಯನ್ನು ನೆಲದ ಮೇಲೂ ಇಟ್ಟ, ನೆಲದ ಅಡಿಯಲ್ಲೂ ಇಟ್ಟ, ಮಕ್ಕಳೇ. ಇದು ಅಡಿಯಲ್ಲಿಟ್ಟ ದಯೆಯ ಕತೆ.

ಸಿರಿಗಾವಿ ಎಂಬ ರಾಜ್ಯವೊಂದಿತ್ತು. ಅಲ್ಲಿನ ಮೇಗಲಕೇರಿಯ ಬಾವಿಯಲ್ಲಿ ಹೊನ್ನವ್ವ ಎಂಬ ಆಮೆ ಇತ್ತು. ನೀರು ಶುದ್ಧವಾಗಿರಲಿ ಎಂದು ಹಿರಿಯರು ಯಾವ ಕಾಲದಲ್ಲೋ ಬಿಟ್ಟ ಆಮೆ. ಬೆಳಗಾದರೆ ಹೆಂಗಸರ ಮಾತು, ನಗು, ಮೇಲಿನಿಂದ ಬೀಳುವ ಒಂದು ಹಿಡಿ ಅನ್ನ. ಹೊನ್ನವ್ವನಿಗೆ ಅದೇ ಕೈಲಾಸ.

ಬಾವಿಯ ಪಕ್ಕದಲ್ಲೇ ಮಲ್ಲರಸ ಎಂಬ ಧಣಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ನಡೆಸಿದ. ಮಿಕ್ಕ ಬಣ್ಣದ ನೀರನ್ನೆಲ್ಲ ಹೊಂಡ ತೋಡಿ ಸುರಿದ. ಹೊಂಡ ಕುಡಿಯಿತು, ನೆಲ ಕುಡಿಯಿತು, ಕೊನೆಗೆ ಬಾವಿಯೂ ಕುಡಿಯಿತು. ಕಾರ್ಖಾನೆ ಮುಚ್ಚಿದ ಮೇಲೂ ನೀರಿನ ಕಹಿ ಹೋಗಲಿಲ್ಲ. ಮಕ್ಕಳು ಹೊಟ್ಟೆ ಹಿಡಿದುಕೊಂಡು ಮಲಗಿದರು. ಜನ ನೀರಿಗಾಗಿ ದೂರದ ಹೊಳೆಗೆ ನಡೆದರು. ಹೊನ್ನವ್ವನನ್ನೂ ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಬಿಟ್ಟರು.

ಹೊಳೆ ದೊಡ್ಡದು. ಆದರೆ ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ತನ್ನ ಬಾವಿಯ ತಂಪು ನೆನೆದು ಕತ್ತು ಒಳಗೆಳೆದುಕೊಂಡು ಕೂರುತ್ತಿದ್ದಳು. “ಶಿವನೇ, ನನ್ನ ನೀರನ್ನು ನನಗೆ ಇನ್ನೊಂದು ಸಲ ಮುಟ್ಟಿಸು” ಎಂದು ಬೇಡುತ್ತಿದ್ದಳು.

ದೊರೆ ದೇವಭೂಪ ಬಾವಿಕಟ್ಟೆಯಲ್ಲೇ ಸಭೆ ಕರೆದಿದ್ದಾನೆಂದು ಬಟ್ಟೆ ಒಗೆಯುವವರು ಮಾತಾಡಿಕೊಂಡರು. ಹೊನ್ನವ್ವ ಮೆಲ್ಲಗೆ ಹೊರಟಳು. ತೆವಳಿ ತೆವಳಿ ಬಂದು ಸೇರಿದಳು.

“ಹೊಳೆಯಿಂದ ಕಾಲುವೆ ತರೋಣ, ಈ ಬಾವಿಯನ್ನು ಮರೆತುಬಿಡೋಣ” ಎಂದ ಮಂತ್ರಿ.

“ಬೇಸಿಗೆಗೆ ಹೊಳೆಯೇ ಬತ್ತುತ್ತದಲ್ಲ” ಎಂದ ದೊರೆ.

ಅರಮನೆಯ ವೈದ್ಯ ಸಂಕಣ್ಣ ಎದ್ದ. “ಹೊಂಡದ ಮಣ್ಣನ್ನು ಅಗೆದು ತೆಗೆಯಬೇಕು. ಕೆಟ್ಟ ನೀರನ್ನು ಸೇದಿ ಸೇದಿ ಮರಳು, ಇದ್ದಿಲಲ್ಲಿ ಸೋಸಬೇಕು. ಬಹಳ ವರ್ಷ ಹಿಡಿದೀತು, ಪ್ರಭು.”

“ಅಷ್ಟೆಲ್ಲ ಯಾಕೆ ಮಹಾಸ್ವಾಮಿ?” ಎಂದ ಮಲ್ಲರಸ. “ಹೊಂಡದ ಮೇಲೆ ಚಪ್ಪಡಿ ಹಾಸಿದರಾಯಿತು. ವಿಷ ಅಲ್ಲೇ ಬಿದ್ದಿರುತ್ತದೆ, ಒಂದು ಗೇಣೂ ಕದಲುವುದಿಲ್ಲ.”

ದೊರೆ ತಲೆದೂಗಿದ. ಹೊನ್ನವ್ವ ಸಭೆಯ ನಡುವೆ ತೆವಳಿ ಬಂದಳು. ದೇವರನ್ನು ನೆನೆದು ಕತ್ತು ಹೊರಗೆ ಚಾಚಿದಳು.

“ದೊರೆಯೇ, ಧಣಿಗಳ ಮಾತೇ ಆಗಲಿ, ಚಪ್ಪಡಿ ಹಾಸಿಸಿ. ಕೇರಿಗೊಂದು ಹೊಸ ಬಾವಿ ಬೇಕಲ್ಲ, ಅದನ್ನು ಹೊಂಡದ ಕೆಳಮಗ್ಗುಲಲ್ಲಿರುವ ಧಣಿಗಳ ತೋಟದಲ್ಲೇ ತೋಡಿಸಿ. ಅವರ ಮನೆಯವರೂ ಅದರಲ್ಲೇ ಕುಡಿಯಲಿ, ನಾನೂ ಅಲ್ಲೇ ಇರುತ್ತೇನೆ.”

“ತೋಟದಲ್ಲಿ ಜಾಗ ಸಾಲದು” ಎಂದ ಮಲ್ಲರಸ.

“ನಾನೇನು ಅರಮನೆ ಕೇಳಿದೆನೇ ಧಣಿ? ಸಣ್ಣ ಬಾವಿ ಸಾಕು.”

“ಅಡಿಯಲ್ಲಿ ಬಂಡೆ ಇದೆ.”

“ಒಡೆಯುವವರನ್ನು ನಾನು ಕಳಿಸುತ್ತೇನೆ” ಎಂದ ದೊರೆ. “ಮೊದಲ ಕೊಡ ನಿನ್ನ ಮೊಮ್ಮಕ್ಕಳಿಗೇ ಹೋಗಲಿ.”

ಮಲ್ಲರಸ ಓಡಿಬಂದು ಕೈಮುಗಿದ. “ಬೇಡ ಮಹಾಸ್ವಾಮಿ. ಚಪ್ಪಡಿ ಹಾಸಿದರೂ ಅಡಿಯ ನೀರು ಇಳಿಜಾರಿಗೆ ಹರಿಯುತ್ತಲೇ ಇರುತ್ತದೆ. ವಿಷವೆಲ್ಲ ನನ್ನ ತೋಟಕ್ಕೇ ಬರುತ್ತದೆ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಸಭೆ ನಕ್ಕಿತು.

“ಗೇಣೂ ಕದಲದ ವಿಷಕ್ಕೆ ಇಷ್ಟು ಬೇಗ ಕಾಲು ಬಂತೇ, ಮಲ್ಲರಸ?” ಎಂದ ದೊರೆ. “ವೈದ್ಯರು ಹೇಳಿದ್ದೇ ನಡೆಯಲಿ. ಖರ್ಚು ನಿನ್ನದು. ಮುಗಿಯುವ ತನಕ ರಾಟೆಯ ಹಗ್ಗವನ್ನು ನೀನೂ ಎಳೆಯಬೇಕು.”

ಕೆಲಸ ಶುರುವಾಯಿತು. ಹೊನ್ನವ್ವ ಕಟ್ಟೆಯ ಪಕ್ಕದ ಕಲ್ಲುಬಾನಿಯಲ್ಲಿದ್ದು ಕಾದಳು. ಮಳೆಗಾಲ ಕಳೆದಾಗಲೆಲ್ಲ ವೈದ್ಯ ಬಾವಿಗೆ ಮೀನುಮರಿ ಬಿಟ್ಟು ನೋಡುತ್ತಿದ್ದ. ಮೊದಲ ಸಲ ಸತ್ತು ತೇಲಿದವು. “ಇನ್ನೂ ಇಲ್ಲ, ಅವ್ವ.” ಮುಂದಿನ ಸಲ ಸೊರಗಿದವು. “ಇನ್ನೂ ಇಲ್ಲ, ಅವ್ವ.” ಹೊನ್ನವ್ವ ಕಣ್ಣು ಮುಚ್ಚಿ, “ಶಿವನಿಗೆ ಗೊತ್ತು” ಎನ್ನುತ್ತಿದ್ದಳು. ಲಂಗ ತೊಟ್ಟು ಆಡುತ್ತಿದ್ದ ಹುಡುಗಿಯರು ಕಂಕುಳಲ್ಲಿ ಕೂಸು ಹೊತ್ತರು. ಮಲ್ಲರಸನ ಮೀಸೆ ನರೆಯಿತು, ಅಂಗೈ ಗಟ್ಟಿಯಾಯಿತು.

ಕೊನೆಗೊಂದು ವರ್ಷ ಮೀನುಗಳು ಚುರುಕಾಗಿ ಈಜಾಡಿದವು. ವೈದ್ಯ ಬಾವಿಗೆ ಕೈಮುಗಿದ. ಮಲ್ಲರಸನೇ ಹೊನ್ನವ್ವನನ್ನು ಬುಟ್ಟಿಯಲ್ಲಿ ಕೂರಿಸಿ, ಅಲುಗದಂತೆ ಹಗ್ಗ ಇಳಿಬಿಟ್ಟ. ನೀರು ಮುಟ್ಟಿದ್ದೇ ತಡ, ಮುಳುಗಿದಳು. ಯಾರು ಕರೆದರೂ ಬಹಳ ಹೊತ್ತು ಮೇಲೆ ಬರಲಿಲ್ಲ.

ಅದಕ್ಕೇ ಮಕ್ಕಳೇ, ಕೆಡಿಸಿದ್ದನ್ನು ಮುಚ್ಚಿಟ್ಟರೆ ಅದು ಅಡಿಯಿಂದಲೇ ಇನ್ನೊಬ್ಬರ ಮನೆಗೆ ನಡೆದುಹೋಗುತ್ತದೆ. ಕೆಡಿಸಿದವರೇ ತೊಳೆಯಬೇಕು, ಎಷ್ಟು ತಡವಾದರೂ ಪೂರ್ತಿ ತೊಳೆಯಬೇಕು. ತೊಳೆಯುವ ಕೈಯನ್ನು ದೇವರು ಕ್ಷಮಿಸುತ್ತಾನೆ. ಕಾಯುವ ಜೀವವನ್ನು ಅವನು ಮರೆಯುವುದಿಲ್ಲ.