ದೊರೆ ಕೊಳಕ್ಕಿಳಿದದ್ದು

ಸಾಕು ಮಾಡ್ರೋ! ದೇವರು ಹೊಡೆಯೋನೋ, ಮುದ್ದು ಮಾಡೋನೋ ಅಂತ ಮೂರು ಭಾನುವಾರದಿಂದ ಅದೇ ರಾಗ. ಪಾದ್ರಿಗಳ ತಲೆ ತಿಂದಿದ್ದು ಸಾಲದು ಅಂತ ಈಗ ಈ ಅಜ್ಜಿ ಹತ್ರ ಬಂದ್ರಾ? ಕೂತ್ಕೊಳ್ಳಿ. ಏ ಸಾಲೋಮಿ, ಪಕ್ಕದವಳ ಜಡೆ ಬಿಡು, ಕಥೆ ಕೇಳು.

ಒಂದು ರಾಜ್ಯ. ಅದಕ್ಕೊಬ್ಬ ದೊರೆ. ಊರಿಗೆಲ್ಲ ಕುಡಿಯೋಕೆ ಇದ್ದದ್ದು ಒಂದೇ ಕೊಳ. ಜನ ಅದರಲ್ಲೇ ಕಾಲು ತೊಳೆದ್ರು, ಬಟ್ಟೆ ಒಗೆದ್ರು, ಎಮ್ಮೆ ಮೀಯಿಸಿದ್ರು. ಬೇಡ ಅಂದ್ರೆ ಕೇಳಬೇಕಲ್ಲ! ಒಂದು ಬೇಸಿಗೇಲಿ ವಾಂತಿಭೇದಿ ಬಂತು. ಮನೆಮನೇಲೂ ಮಕ್ಕಳು ಸತ್ತುಹೋದ್ವು. ದೊರೆ ಅತ್ತ. ಅತ್ತು ಒಂದು ಕಟ್ಟಳೆ ಮಾಡಿದ: "ಕೊಳದೊಳಗೆ ಯಾರೂ ಕಾಲಿಡಬಾರದು. ಇಟ್ಟವರು ಮೂರು ದಿನದಲ್ಲಿ ಕೊಳ ಬರಿದು ಮಾಡಿ ತೊಳೀಬೇಕು. ಆಗದಿದ್ರೆ ಊರು ಬಿಡಬೇಕು."

ಕಾವಲಿಗೆ ನಿಂತವನು ಮಂತ್ರಿ ಬೊಮ್ಮರಸ. ಅವನಿಗೆ ಕಟ್ಟಳೆ ಅಂದ್ರೆ ಪ್ರಾಣ. ಜನ ಅಂದ್ರೆ ಅಷ್ಟಕ್ಕಷ್ಟೇ. ಆ ತಿಂಗಳು ಅವನದೊಂದು ಜರಿ ಮೆಟ್ಟು ಕಳೆದಿತ್ತು. ನಾಯಿ ಕಚ್ಚಿಕೊಂಡು ಹೋಯ್ತು ಅಂತ ಊರ ನಾಯಿಗಳನ್ನೆಲ್ಲ ಬೈದಿದ್ದ.

ಒಂದು ಮಧ್ಯಾಹ್ನ ಹೊಂಬಾಳಮ್ಮ ಅನ್ನೋ ಮುದುಕಿ ಹೊಲದಲ್ಲಿ ಕಳೆ ಕಿತ್ತು ಬಂದ್ಲು. ಕಾಲು ಧಗಧಗ ಅಂತಿತ್ತು. ಸುತ್ತ ನೋಡಿದ್ಲು, ಯಾರೂ ಇಲ್ಲ. ನೀರಿಗೆ ಕಾಲು ಇಳಿಬಿಟ್ಲು. "ಅಬ್ಬಾ, ಏನು ತಂಪು!" ಅಂತ ತಿರುಗಿದ್ರೆ ಹಿಂದೆ ಬೊಮ್ಮರಸ!

"ಪಾಪ ಅಜ್ಜಿ" ಅನ್ಬೇಡ ಸಾಲೋಮಿ. ಅವಳ ಮೊಮ್ಮಗುವೂ ಅದೇ ನೀರು ಕುಡಿದು ಸತ್ತಿತ್ತು. ಗೊತ್ತಿದ್ದೂ ಕಾಲಿಟ್ಲು. ತಪ್ಪು ತಪ್ಪೇ.

ಮೊದಲ ದಿನ ಮೊಗೆದು ಮೊಗೆದು ಮೂರು ಮೆಟ್ಟಿಲಷ್ಟು ನೀರು ಇಳಿಸಿದ್ಲು. ಬೆಳಗಾಗೋದರಲ್ಲಿ ಒರತೆ ಉಕ್ಕಿ ಮೂರೂ ತುಂಬಿತು. ಎರಡನೇ ದಿನವೂ ಅದೇ ಕಥೆ. ಸಹಾಯಕ್ಕೆ ಇಳಿಯೋಣ ಅಂದ್ರೆ ಇಳಿದವರಿಗೂ ಅದೇ ಶಿಕ್ಷೆ. ಊರವರೆಲ್ಲ ದಡದಲ್ಲಿ ನಿಂತು ಲೊಚಗುಟ್ಟಿದ್ರು.

ಮೂರನೇ ದಿನ ಜನ ದೊರೆಯ ಕಾಲಿಗೆ ಬಿದ್ರು. "ಮುದುಕಿ ಎಲ್ಲಿಗೆ ಹೋದಾಳು? ಬಿಟ್ಟುಬಿಡಿ ಬುದ್ಧಿ."

ಬೊಮ್ಮರಸ ಮೀಸೆಯಲ್ಲೇ ನಕ್ಕ. "ಬಿಟ್ರೆ ನಿಮ್ಮ ಕಟ್ಟಳೆ ಸುಳ್ಳು ಪ್ರಭು. ಬಿಡದಿದ್ರೆ ನಿಮ್ಮ ಪ್ರೀತಿ ಸುಳ್ಳು. ಯಾವುದು, ಹೇಳಿ?"

ದೊರೆ ಸೀದಾ ಕೊಳದ ದಡಕ್ಕೆ ನಡೆದ. ಕಿರೀಟ ತೆಗೆದಿಟ್ಟ. ಪಂಚೆ ಎತ್ತಿ ಕಟ್ಟಿದ. ಕೊಡ ಹಿಡಿದು ಕೊಳಕ್ಕೆ ಇಳಿದೇಬಿಟ್ಟ!

"ಅಯ್ಯಯ್ಯೋ, ಕಾಲಿಟ್ಟುಬಿಟ್ರಿ! ನಿಮಗೂ ಶಿಕ್ಷೆ!" ಅಂತ ಬೊಮ್ಮರಸ ಕೂಗಿದ.

"ಹೌದಪ್ಪ. ಅದನ್ನೇ ಅನುಭವಿಸ್ತಾ ಇದೀನಲ್ಲ, ಕಾಣಲ್ವಾ?"

"ಬೇಡಿ ಬುದ್ಧಿ, ತಪ್ಪು ನಂದು" ಅಂತ ಹೊಂಬಾಳಮ್ಮ ಅತ್ಲು.

"ನಿಂದೇ ಕಣಮ್ಮ. ಭಾರ ನನಗಿರಲಿ. ಅಳ್ತಾ ಅಳ್ತಾನೇ ಮೊಗಿ."

ದೊರೆಯ ಅಂಗೈ ಸುಲಿದು ರಕ್ತ ಬಂತು. ಕೊಡ ಮಾತ್ರ ಕೆಳಗಿಡಲಿಲ್ಲ. ಹೊತ್ತು ಮುಳುಗೋ ಹೊತ್ತಿಗೆ ತಳದ ಕೆಸರು ಕಾಣಿಸ್ತು. ಕೆಸರು ಬಾಚೋವಾಗ ಹೊಂಬಾಳಮ್ಮನ ಕೈಗೆ ಏನೋ ಸಿಕ್ತು. ಎತ್ತಿ ಹಿಡಿದ್ಲು. ಜರಿ ಮೆಟ್ಟು!

"ನಾಯಿ ಈಜೋಕೆ ಹೋಗಿತ್ತೇನೋ!" ಅಂದ ಒಬ್ಬ. ಊರೆಲ್ಲ ಘೊಳ್ಳೆಂದು ನಕ್ಕಿತು.

ಬೊಮ್ಮರಸನ ಮುಖ ಇಂಗು ತಿಂದ ಮಂಗನ ಹಾಗಾಯ್ತು. "ಪ್ರಭು, ಒಂದೇ ಸಲ, ಸೆಖೆ ತಡೀಲಾರದೆ... ಕಟ್ಟಳೆ ಸ್ವಲ್ಪ ಸಡಿಲ ಮಾಡಿ!"

ನೋಡಿದ್ರಾ? ತನ್ನ ಕಾಲಿಗೆ ಬಂದಾಗ ಸಡಿಲ ಬೇಕಂತೆ!

"ಓಡಿಸಿ ಅವನನ್ನ!" ಅಂತ ಜನ ಕೂಗಿದ್ರು.

"ಸಡಿಲ ಮಾಡಲ್ಲ" ಅಂದ ದೊರೆ. "ಈ ನೀರು ಮಕ್ಕಳು ಕುಡೀಬೇಕು." ಆಮೇಲೆ ಕೆಸರಲ್ಲಿ ನಿಂತೇ ತನ್ನ ಕೊಡ ಚಾಚಿದ. "ನಾಳೆ ಮತ್ತೆ ತುಂಬಿರುತ್ತೆ. ನಿನ್ನ ಸರದಿ. ಇಳಿ ಬೊಮ್ಮರಸ, ನಾನೂ ಇಲ್ಲೇ ಇರ್ತೀನಿ."

ಬೊಮ್ಮರಸ ಮೆಟ್ಟು ಬಿಟ್ಟ. ಬಿಕ್ಕಿ ಬಿಕ್ಕಿ ಅಳ್ತಾ ಇಳಿದ.

"ಅವನಿಗೂನಾ ಅಜ್ಜಿ?" ಅಂತೀಯಾ ಸಾಲೋಮಿ? ಹೂಂ ಕಣೇ, ಅವನಿಗೂ. ನನಗೂ ಮೊದಮೊದಲು ಹೊಟ್ಟೆ ಉರೀತಿತ್ತು. ಆಮೇಲೆ ನನ್ನ ಕಾಲು ನಾನೇ ನೋಡ್ಕೊಂಡೆ.

ನೀತಿ ಇಷ್ಟೇ. ದೇವರ ಕಟ್ಟಳೆ ಹುಟ್ಟಿದ್ದೇ ಅವನ ಪ್ರೀತಿಯಿಂದ. ಮುರಿದವರಿಗೋಸ್ಕರ ಅವನೇ ಯೇಸುವಾಗಿ ಕೆಸರಿಗಿಳಿದು ಅದನ್ನ ಪೂರೈಸಿದ. ಇನ್ನೊಂದು ಸಲ ಹೊಡೆಯೋನೋ ಮುದ್ದು ಮಾಡೋನೋ ಅಂದ್ರೆ ನಾನೇ ಹೊಡೀತೀನಿ. ಏಳಿ, ಮನೆಗೆ ಹೋಗಿ ಕಾಲು ತೊಳ್ಕೊಳ್ಳಿ. ಕುಡಿಯೋ ನೀರಲ್ಲಿ ಅಲ್ಲ!