ಎಬ್ಬಿಸೋ ಕೆಪಾಸಿಟರ್

ಗಿರಿಗೌಡರ ಸೇವಂತಿಗೆ ತೋಟದ ಪಂಪಿಗೆ ಆಳು ಮಾಯಣ್ಣ ಎರಡು ಕೆಪಾಸಿಟರ್ ಜೋಡಿಸುತ್ತಿದ್ದ. ಒಂದು ಮೋಟಾರು ಎಬ್ಬಿಸೋದಕ್ಕೆ, ಇನ್ನೊಂದು ಓಡಿಸೋದಕ್ಕೆ. ಮೋಟಾರು ವೇಗ ಹಿಡಿದ ಮೇಲೆ ಒತ್ತಿದ ಗುಂಡಿ ಬಿಟ್ಟ ಕೂಡಲೇ ಎಬ್ಬಿಸೋದು ಕಳಚಿಕೊಳ್ಳಬೇಕು.

ಗೌಡರು ಎಬ್ಬಿಸೋ ಕೆಪಾಸಿಟರ್ ಕಡೆ ಬೆರಳು ತೋರಿಸಿ ಸಿಡುಕಿದರು. "ಇಷ್ಟು ದಪ್ಪ ಇದ್ಕೊಂಡು ಒಂದು ಗಳಿಗೆ ದುಡಿದು ಕೂತ್ಕೊಳ್ಳೋದಾ? ಅದನ್ನೂ ನೇರ ಕೊಡು. ದಿನವೆಲ್ಲ ದುಡೀಲಿ!"

"ಸುಟ್ಟೋಯ್ತದೆ ಗೌಡ್ರೇ. ಜೊತೆಗೆ ಮೋಟಾರೂ ಹೋಯ್ತದೆ."

"ಹೇಳಿದಷ್ಟು ಮಾಡು. ಈಗ ಬಂದು ಜೀಪು ತಳ್ಳು."

ಗೌಡರ ಹಳೇ ಜೀಪು ತಳ್ಳದೆ ಎದ್ದದ್ದೇ ಇಲ್ಲ. ಮಾಯಣ್ಣ ತನ್ನ ದಪ್ಪ ಹೆಗಲು ಕೊಟ್ಟ. ಜೀಪು ಕೆಮ್ಮಿ ಎದ್ದಿತು. ಮಾಯಣ್ಣ ಮಾತ್ರ ಕೈ ಬಿಡಲಿಲ್ಲ. ತಳ್ಳುತ್ತಲೇ ಹಿಂದೆ ಓಡಿದ. ಕೆರೆ ಏರಿ ಬಂದರೂ ಬಿಡಲಿಲ್ಲ. ಲುಂಗಿ ಗಾಳಿಪಟವಾಗಿತ್ತು.

ಗೌಡರು ಹೌಹಾರಿ ಬ್ರೇಕು ಒತ್ತಿದರು. "ಹೊರಟ ಮೇಲೆ ಬಿಡಬಾರದೇನೋ? ಎದೆ ಒಡೆದು ಸಾಯ್ತೀಯ!"

"ಇಷ್ಟು ದಪ್ಪ ಇದ್ಕೊಂಡು... ಒಂದು ಗಳಿಗೆ ದುಡಿದು ಕೂತ್ಕೊಂಡ್ರೆ... ನೀವು ಬಯ್ಯಲ್ವಾ ಗೌಡ್ರೇ?" ಎಂದು ಏದುಸಿರು ಬಿಟ್ಟ ಮಾಯಣ್ಣ.

ಗೌಡರು ಅವನನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪನ್ನು ಪಂಪಿನ ಕಡೆಗೇ ತಿರುಗಿಸಿದರು.

ಮಾಯಣ್ಣ ತನ್ನ ಲೆಕ್ಕದಂತೆಯೇ ತಂತಿ ಕೊಟ್ಟ. ಗುಂಡಿ ಗೌಡರೇ ಒತ್ತಿದರು. ಮೋಟಾರು ವೇಗ ಹಿಡಿಯಿತು. ಗೌಡರು ಥಟ್ಟನೆ ಬೆರಳು ತೆಗೆದರು.

"ಸಾಕು ಪಾಪ, ಕೂತ್ಕೊಳ್ಳಲಿ. ಅದಕ್ಕೂ ಏದುಸಿರು ಬಂದಿರ್ತದೆ."